‘ನಾನು’ ಎಂದ ದುಭಾಷಿ

ಲಾಸ್ಟನ್ ನಮಖ್ವಾ ಕುಳಿತು ಮಾತನಾಡಿದ್ದನ್ನು ನಾನು ನೋಡಿದ್ದು ಕಡಿಮೆ. ನಮ್ಮೂರು ನಮಿಕೊಂಬೆಯ ಕೋರ್ಟಿನಲ್ಲಿ ಅವನು ದುಭಾಷಿಯಾಗಿದ್ದ. ಜಡ್ಜರೂ ವಕೀಲರೂ ಇಂಗ್ಲಿಷಿನಲ್ಲಿ ಆಡಿದ್ದನ್ನು ನಮ್ಮ ಚಿಚೆವಾ ಭಾಷೆಗೆ ದಾಟಿಸುವುದು, ಊರವರು ಚಿಚೆವಾದಲ್ಲಿ ಆಡಿದ್ದನ್ನು ಇಂಗ್ಲಿಷಿಗೆ ದಾಟಿಸುವುದು ಅವನ ಕೆಲಸ. ಸಾಕ್ಷಿಕಟ್ಟೆಯ ಪಕ್ಕದಲ್ಲಿ ಅವನಿಗೆಂದು ಒಂದು ಕುರ್ಚಿ ಹಾಕಿದ್ದರು. ಅದರ ಮೇಲೆ ಅವನ ಕೋಟು ಕೂರುತ್ತಿತ್ತು, ಅವನು ಕೂರುತ್ತಿರಲಿಲ್ಲ. ವಕೀಲರು ಬೆರಳು ಚುಚ್ಚಿ ಕೇಳಿದರೆ ಇವನೂ ಬೆರಳು ಚುಚ್ಚುತ್ತಿದ್ದ. ಸಾಕ್ಷಿ ಹೇಳುವ ಮುದುಕಿ ಸುತ್ತುಬಟ್ಟೆಯ ಅಂಚಿನಿಂದ ಮೂಗು ಒರೆಸಿಕೊಂಡರೆ ಇವನ ಕೈಯೂ ತಾನಾಗಿ ಮೂಗಿನ ಬಳಿಗೆ ಹೋಗುತ್ತಿತ್ತು.

ಅವನದೊಂದು ನಿಯಮವಿತ್ತು. ಆಡು ಕದ್ದವನು ‘ನಾನು ಕದ್ದೆ’ ಎಂದರೆ ಲಾಸ್ಟನ್ ಕೂಡ ‘ನಾನು ಕದ್ದೆ’ ಎಂದೇ ಹೇಳುತ್ತಿದ್ದ. ‘ತಾನು ಕದ್ದೆನೆಂದು ಇವನು ಹೇಳುತ್ತಾನೆ’ ಎಂದು ಅನ್ಯ ಪುರುಷಕ್ಕೆ ತಿರುಗಿಸುವುದು ಅವನಿಗೆ ಸರಿಬರುತ್ತಿರಲಿಲ್ಲ. ಊರಿನ ಶಾಲೆಯಲ್ಲಿ ಮೂರು ತಲೆಮಾರಿನ ಮಕ್ಕಳಿಗೆ ಚಿಚೆವಾ ವ್ಯಾಕರಣ ಕಲಿಸಿದ ನನಗೆ ಅವನ ಈ ಹಟ ಬಹಳ ಹಿಡಿಸಿತ್ತು. ಒಮ್ಮೆ ಕೇಳಿದಾಗ ಅವನು ಹೇಳಿದ್ದು ಇಷ್ಟು: “ಅವನು, ಅವಳು ಅಂದ್ಕೂಡ್ಲೇ ನಾನು ದೂರ ನಿಂತ ಹಾಗಾಗತ್ತೆ ಮೇಷ್ಟ್ರೇ. ದೂರ ನಿಂತವನು ಸುಳ್ಳು ಸೇರಿಸೋದು ಸುಲಭ.”

ಸಂತೆಯ ಹೆಂಗಸರಿಗೆ ಮಾತ್ರ ಇದೊಂದು ತಮಾಷೆ. ಅವನ ಹೆಂಡತಿ ಎಲೂಬಿ ಬಸ್ ನಿಲ್ದಾಣದ ಬಳಿ ಎಣ್ಣೆಯಲ್ಲಿ ಕರಿದ ಹಿಟ್ಟಿನ ಉಂಡೆ, ಮಂದಾಸಿ, ಮಾರುತ್ತಿದ್ದಳು. ಸಂಜೆ ಅವನು ಅತ್ತ ಬಂದರೆ ಟೊಮೆಟೊ ಮಾರುವವಳು ಬಿಡುತ್ತಿರಲಿಲ್ಲ; ಬಾಂಬೊ, ಅಂದರೆ ಅಪ್ಪಾ, ಎಂದು ಕರೆದು ಕೆಣಕುತ್ತಿದ್ದಳು.

“ಏನ್ ಬಾಂಬೊ, ಇವತ್ತು ಎಷ್ಟು ಆಡು ಕದ್ದೆ?”

“ಆಡು ಒಂದೇ. ಆದ್ರೆ ಅತ್ತೆಗೆ ಮಾಟ ಮಾಡ್ಸಿದ್ದು ಎರಡು ಸಲ.”

“ಎಲೂಬಿ, ಕೇಳಿಸ್ಕೊಂಡ್ಯಾ? ನಿಮ್ಮಮ್ಮನ್ನ ಒಳಗೆ ಮಲಗಿಸ್ಕೋ.”

“ಮಾಟ ಮಾಡ್ಸೋಕಾದ್ರೂ ಒಂದ್ ಕಡೆ ಕೂರಬೇಕಲ್ಲ,” ಎನ್ನುತ್ತಿದ್ದಳು ಎಲೂಬಿ. “ನಮ್ಮೋರು ಕೂರಲ್ಲ. ನಮ್ಮನೆ ನೆಲ ಸವೆದು ಹಳ್ಳ ಆಗಿದೆ.”

ಮನೆ ಎಂದರೆ ಎಲೂಬಿಯ ಮನೆ. ನಮ್ಮಲ್ಲಿ ಭೂಮಿ ಹೆಣ್ಣುಮಕ್ಕಳಿಗೆ ಬರುತ್ತದೆ. ಗಂಡ ಹೆಂಡತಿಯ ಊರಿಗೆ ಬಂದು ಮನೆ ಕಟ್ಟಿ ಮನೆಯಳಿಯನಾಗಿ ಇರುತ್ತಾನೆ. ಅಕ್ಕತಂಗಿಯರ ಮೇಲೆ, ಅವರ ಗಂಡಂದಿರ ಮೇಲೆ ಹಿರಿಯ ಅಣ್ಣನ ಕಣ್ಣಿರುತ್ತದೆ. ಅಳಿಯ ನೆಟ್ಟಗಿಲ್ಲವೆಂದು ಆ ಅಣ್ಣನಿಗೆ ಕಂಡರೆ, ಚಾಪೆ ಸುತ್ತಿಕೋ ಎನ್ನುತ್ತಾನೆ. ಅಳಿಯ ಚಾಪೆಯನ್ನೂ ತಾನು ತಂದ ಗುದ್ದಲಿಯನ್ನೂ ಹೊತ್ತು ತನ್ನ ತಾಯಿಯ ಊರಿಗೆ ಹೊರಡುತ್ತಾನೆ. ಎಲೂಬಿಯ ಅಣ್ಣನ ಹೆಸರು ಸ್ಟೋನಾರ್ಡ್. ದೊಡ್ಡ ನಗೆಯ, ದೊಡ್ಡ ಹೆಜ್ಜೆಯ ಮನುಷ್ಯ. ಆಳುವ ಪಕ್ಷಕ್ಕೆ ನಮ್ಮ ಭಾಗದಲ್ಲಿ ಅವನೇ ಕೈ, ಅವನೇ ಬಾಯಿ.

ಆ ವರ್ಷದ ಚುನಾವಣೆಯಲ್ಲಿ ಆಳುವ ಪಕ್ಷದ ಚಿಪಂಗಾ ನಮ್ಮ ಕ್ಷೇತ್ರದಿಂದ ಗೆದ್ದನೆಂದು ಸಾರಿದರು. ಮೀನಿನ ಲಾರಿಗಳ ಮಾಲೀಕ ಲೈಟನ್ ಸೋತಿದ್ದ. ಎಣಿಕೆಯಲ್ಲಿ ಮೋಸವಾಗಿದೆ ಎಂದು ಅವನು ಕೋರ್ಟಿಗೆ ಹೋದ. ಅದಕ್ಕೆ ಹಿಂದಿನ ಸಲ ಹೀಗೆಯೇ ಸೋತ ಒಬ್ಬನ ಹಿಂಬಾಲಕರು ಕೋರ್ಟಿನ ದಾರಿ ಹಿಡಿದಿರಲಿಲ್ಲ. ಮುಸುಕಿನ ಜೋಳದ ಕಣಜಗಳಿಗೆ ಬೆಂಕಿಯಿಟ್ಟಿದ್ದರು. ಆ ಬೂದಿಯ ವಾಸನೆ ನೆನಪಿದ್ದವರಿಗೆಲ್ಲ ಲೈಟನ್ನನ ಅರ್ಜಿಯೇ ಒಂದು ಸಮಾಧಾನ. ಅದನ್ನು ಕೇಳಲು ಹೈಕೋರ್ಟಿನಿಂದ ನ್ಯಾಯಮೂರ್ತಿ ಚಿಸೆಕಾ ಎಂಬ ಹೆಂಗಸು ನಮ್ಮ ಊರಿಗೇ ಬಂದು ಕುಳಿತರು. ಸಣ್ಣ ದನಿಯ, ತೆಳ್ಳನೆಯ ಹೆಂಗಸು. ನಮ್ಮ ಸೀಮೆಯವರಲ್ಲ, ಇಲ್ಲಿ ಯಾರ ಮನೆಯ ನ್ಸಿಮಾ ಮುದ್ದೆಯನ್ನೂ ಉಂಡವರಲ್ಲ. ಕೋರ್ಟಿನೊಳಗೆ ಜಾಗವಿಲ್ಲದ್ದರಿಂದ ಹೊರಗೆ ಅತ್ತಿಮರಕ್ಕೆ ಒಂದು ಧ್ವನಿವರ್ಧಕ ಕಟ್ಟಿದರು. ಮರದ ಕೆಳಗೆ ಊರಿಗೆ ಊರೇ ಕೂರುತ್ತಿತ್ತು. ಅವರ ಪಾಲಿಗೆ ಜಡ್ಜರ ದನಿ ಎಂದರೆ ಲಾಸ್ಟನ್ನನ ದನಿ.

ಲೈಟನ್ನನ ಸಾಕ್ಷಿಗಳೆಲ್ಲ ಮುಗಿದ ಮೇಲೆ ಚಿಪಂಗಾನ ವಕೀಲರು ಎದ್ದು, ಈ ಅರ್ಜಿಯಲ್ಲಿ ಹುರುಳಿಲ್ಲ, ನಮ್ಮ ಕಕ್ಷಿದಾರರು ಬಾಯಿ ತೆರೆಯುವ ಅಗತ್ಯವೂ ಇಲ್ಲ, ಇಲ್ಲಿಗೇ ತಳ್ಳಿಹಾಕಬೇಕು ಎಂದು ವಾದಿಸಿದರು. ನ್ಯಾಯಮೂರ್ತಿಗಳು ಒಪ್ಪಲಿಲ್ಲ. ಚಿಪಂಗಾ ಉತ್ತರ ಕೊಡಬೇಕಾದ ಸಂಗತಿ ಇದೆ, ವಿಚಾರಣೆ ಮುಂದುವರಿಯುತ್ತದೆ ಎಂದರು. ಇಂಗ್ಲಿಷಿನಲ್ಲಿ ಅದು ಒಂದು ಸಣ್ಣ ವಾಕ್ಯ. ಲಾಸ್ಟನ್ ಅಷ್ಟೇ ಸಣ್ಣದಾಗಿ ಹೇಳಿದ:

“ಚಿಪಂಗಾನಿಗೆ ಮ್ಲಾಂದು ಇದೆ.”

ಮ್ಲಾಂದು ಎಂದರೆ ನಮ್ಮಲ್ಲಿ ದಾವೆ. ಮ್ಲಾಂದು ಎಂದರೆ ತಪ್ಪು ಕೂಡ. ಒಬ್ಬನಿಗೆ ಮ್ಲಾಂದು ಇದೆ ಎಂದರೆ ಅವನ ಮೇಲೆ ದೂರಿದೆ ಎಂದೂ ಆಗುತ್ತದೆ, ಅವನು ತಪ್ಪಿತಸ್ಥ ಎಂದೂ ಆಗುತ್ತದೆ. ಅತ್ತಿಮರದ ಕೆಳಗಿದ್ದವರಿಗೆ ಕೇಳಿಸಿದ್ದು ಎರಡನೆಯದು.

ಹೆಂಗಸರು ನಾಲಿಗೆ ಹೊರಳಿಸಿ ಜಯಕಾರ ಹಾಕಿದರು. ಯಾರೋ ಡೋಲು ತಂದರು. ಒಳಗಿದ್ದವರು ಇದೇನು ಗದ್ದಲವೆಂದು ಕಿಟಕಿಯ ಬಳಿ ಬರುವಷ್ಟರಲ್ಲಿ ಜನ ಕುಣಿಯುತ್ತಾ ಪೇಟೆ ದಾಟಿದ್ದರು. ಚಿಪಂಗಾನ ಹಿಟ್ಟಿನ ಗಿರಣಿಯ ಕಿಟಕಿಗಳು ಒಡೆದವು. ಪೊಲೀಸರು ಅಶ್ರುವಾಯು ಹಾರಿಸಿದರು. ಎಲೂಬಿ ಕುದಿಯುವ ಎಣ್ಣೆಯ ಬಾಣಲೆಯನ್ನು ಅಲ್ಲಿಯೇ ಬಿಟ್ಟು, ಕಣ್ಣು ಉಜ್ಜಿಕೊಳ್ಳುತ್ತಾ ನಮ್ಮ ಮನೆಯ ಜಗಲಿಗೆ ಓಡಿಬಂದಳು.

“ಏನಂತ ಹೇಳಿದ್ರಂತೆ ಆ ಜಡ್ಜಮ್ಮ?” ಎಂದು ಕೆಮ್ಮಿನ ನಡುವೆ ಕೇಳಿದಳು.

ಏನು ಹೇಳಿದರೆಂದು ಆಗ ನನಗೆ ಗೊತ್ತಿರಲಿಲ್ಲ; ಅವಳ ಗಂಡನಿಗೆ ಗೊತ್ತಿತ್ತು.

ಮರುದಿನ ಅವನು ನನ್ನ ಜಗಲಿಯ ಮೇಲೆ ಈ ಕಂಬದಿಂದ ಆ ಕಂಬಕ್ಕೆ ನಡೆಯುತ್ತಿದ್ದ. ಕೊಟ್ಟ ಚಹಾ ಲೋಟದಲ್ಲಿಯೇ ಆರಿಹೋಯಿತು.

“ಬೇರೆ ಪದ ಇದೆಯಾ ಮೇಷ್ಟ್ರೇ? ನೀವು ವ್ಯಾಕರಣ ಕಲಿಸಿದೋರು.”

ನಾನು ಯೋಚಿಸಿದೆ. ಇರಲಿಲ್ಲ. ಹಿಂದೆ ಊರಿನ ಮುಖಂಡನ ಅಂಗಳಕ್ಕೆ ಒಬ್ಬನನ್ನು ಕರೆತರುವ ಹೊತ್ತಿಗೆ ತಪ್ಪು ಯಾರದೆಂದು ಎಲ್ಲರಿಗೂ ತಿಳಿದಿರುತ್ತಿತ್ತು. ಅಲ್ಲಿ ಕೂರುತ್ತಿದ್ದುದು ಅದನ್ನು ಹುಡುಕುವುದಕ್ಕಲ್ಲ, ಮುರಿದದ್ದನ್ನು ಸೇರಿಸುವುದಕ್ಕೆ. ಆದುದರಿಂದ ಎರಡಕ್ಕೂ ಒಂದೇ ಪದ ಸಾಕಾಗಿತ್ತು. ಯಾರ ಕಡೆಯೂ ಅಲ್ಲದ, ಏನೂ ಗೊತ್ತಿಲ್ಲದ, ಕೇಳಿ ಮುಗಿಯುವ ತನಕ ಗೊತ್ತುಮಾಡಿಕೊಳ್ಳಲೂ ಬಾರದ ಒಬ್ಬ ಹೆಂಗಸು ಮೇಲೆ ಕೂರುತ್ತಾಳೆಂದು ನಮ್ಮ ಹಿರಿಯರಿಗೆ ಹೊಳೆದಿರಲಿಲ್ಲ.

“ಇಲ್ಲಪ್ಪ,” ಎಂದೆ. “ಒಂದೇ ಪದದಲ್ಲಿ ಆಗಲ್ಲ. ಬಿಡಿಸಿ ಹೇಳ್ಬೇಕು.”

“ಬಿಡಿಸಿ ಹೇಳೋಕೆ ಒಂದು ಉಸಿರು ಬೇಕಿತ್ತು. ನಾನು ಆ ಉಸಿರು ತಗೊಳ್ಳಿಲ್ಲ,” ಎಂದು ಅವನು ಇನ್ನೊಂದು ಸುತ್ತು ನಡೆದ.

ಅವನ ತಪ್ಪು ಅಷ್ಟಕ್ಕೇ ನಿಲ್ಲಲಿಲ್ಲ. ವಿಚಾರಣೆ ಮುಗಿಯುವ ಮೊದಲೇ ಈ ಜಡ್ಜು ತೀರ್ಪು ಕೊಟ್ಟುಬಿಟ್ಟಿದ್ದಾಳೆ ಎಂದು ಆಳುವ ಪಕ್ಷದವರು ಕೂಗೆಬ್ಬಿಸಿದರು. ಕೋರ್ಟಿನ ಕಡತದಲ್ಲಿ ಇಂಗ್ಲಿಷ್ ಮಾತು ಸರಿಯಾಗಿಯೇ ಇದೆಯಲ್ಲ ಎಂದು ಯಾರೋ ತೋರಿಸಿದಾಗ, ಅದು ಬರಿಯ ಮುಖವಾಡ, ದುಭಾಷಿಯನ್ನು ಮೊದಲೇ ತನ್ನ ಕೋಣೆಗೆ ಕರೆಸಿ, ಜನ ರೊಚ್ಚಿಗೇಳುವಂತೆ ಹೀಗೆ ಹೇಳು ಎಂದು ಕಲಿಸಿಕೊಟ್ಟಿದ್ದಳು ಎಂದರು. ವಿಚಾರಣೆ ನಿಂತಿತು. ದೂರು ನಿಜವಾದರೆ ಚಿಸೆಕಾ ಅವರು ಪೀಠ ಬಿಟ್ಟು ಇಳಿಯಬೇಕಿತ್ತು. ಆಮೇಲೆ ಯಾರ ಕಡೆಯವರನ್ನು ಅಲ್ಲಿ ಕೂರಿಸುತ್ತಾರೆ ಎಂಬುದು ಯಾರೂ ಬಾಯಿಬಿಟ್ಟು ಹೇಳದಿದ್ದರೂ ತಿಳಿದ ವಿಷಯ. ಅದನ್ನು ವಿಚಾರಿಸಲು ಇಬ್ಬರು ಹಿರಿಯ ನ್ಯಾಯಮೂರ್ತಿಗಳು ಬರುವವರಿದ್ದರು. ಕೋಣೆಗೆ ಕರೆಸಿದ್ದರೋ ಇಲ್ಲವೋ ಎಂಬುದನ್ನು ಹೇಳಬಲ್ಲ ಮೂರನೆಯ ಮನುಷ್ಯ ಇರಲಿಲ್ಲ.

ಸ್ಟೋನಾರ್ಡ್ ಒಂದು ಮಧ್ಯಾಹ್ನ ಎರಡು ಒಳ್ಳೆಯ ಚಾಂಬೊ ಮೀನುಗಳನ್ನು ಬಾಳೆನಾರಿನಲ್ಲಿ ಪೋಣಿಸಿಕೊಂಡು ತಂಗಿಯ ಮನೆಗೆ ಬಂದ. ಆಮೇಲೆ ನಡೆದದ್ದನ್ನು ಎಲೂಬಿಯೇ ನನಗೆ ಹೇಳಿದ್ದಾಳೆ. ಅವಳು ಅಂಗಳದಲ್ಲಿ ಮೀನು ಹೆರೆಯುತ್ತಾ ಕೂತಿದ್ದಳು. ಗಂಡಸರಿಬ್ಬರೂ ಬಾಗಿಲಲ್ಲಿದ್ದರು.

“ಅಲಾಮು, ಕೂತ್ಕೊಳಪ್ಪ ಸ್ವಲ್ಪ. ನಿನ್ನ ನೋಡಿ ನನಗೇ ಕಾಲು ನೋವು ಬರ್ತಿದೆ,” ಎಂದ ಸ್ಟೋನಾರ್ಡ್. ನಮ್ಮಲ್ಲಿ ಭಾವನೆಂಟರು ಒಬ್ಬರನ್ನೊಬ್ಬರು ಅಲಾಮು ಎಂದೇ ಕರೆಯುವುದು; ಹಾಗೆ ಕರೆದು ಏನು ಬೇಕಾದರೂ ಅಂದುಬಿಡಬಹುದು.

“ಹೇಳು. ನಿಂತೇ ಕೇಳ್ತೀನಿ.”

“ಒಂದೇ ಮಾತು. ‘ಜಡ್ಜಮ್ಮ ನನ್ನ ಕರೆದು ಹೇಳಿಕೊಟ್ರು.’ ಮುಗೀತು. ನೀನು ಮನೆಗೆ ಬಂದು ಮೀನು ಊಟ ಮಾಡು.”

“ಅವರು ಕರೀಲೇ ಇಲ್ವಲ್ಲ.”

“ನೀನು ಆಡು ಕದ್ದಿದ್ದೀಯಾ?”

“ಇಲ್ಲ.”

“ಕದ್ದೆ ಅಂತ ಎಷ್ಟು ಸಲ ಹೇಳಿದ್ದೀಯ ಆ ಕೋರ್ಟಲ್ಲಿ? ಕಂಡೋರ ಕಳ್ಳತನ, ಕಂಡೋರ ಹಾದರ, ಎಲ್ಲಾನೂ ‘ನಾನು, ನಾನು’ ಅಂತ ಹೇಳ್ಕೊಂಡು ಬದುಕಿದೋನು ನೀನು. ನಿನ್ನ ಭಾವಂದು ಒಂದು ಮಾತು ಹೇಳೋಕೆ ಬಾಯಿ ನೋವಾ?”

ಲಾಸ್ಟನ್ ಬಾಗಿಲಿನಿಂದ ಒಲೆಯವರೆಗೆ ಹೋಗಿ ಬಂದ.

“ಈ ಮನೆ ಗೋಡೆ ನೀನು ಕಟ್ಟಿದ್ದು,” ಎಂದ ಸ್ಟೋನಾರ್ಡ್, ನಗು ಕಡಿಮೆ ಮಾಡಿ. “ಮಣ್ಣು ನನ್ನ ತಂಗೀದು. ನೆನಪಿರ್ಲಿ ಅಲಾಮು.”

ಅವನು ಹೋದ ಮೇಲೆ ಎಲೂಬಿ ಮೀನು ತೊಳೆದಳು. ಗಂಡನನ್ನು ಏನೂ ಕೇಳಲಿಲ್ಲ. ಒಲೆ ಹೊತ್ತಿಸುವಾಗ ಮಾತ್ರ, “ನಿಮ್ಮಮ್ಮನ ಊರಲ್ಲಿ ನೀರು ಎಲ್ಲಿಂದ ತರ್ಬೇಕು?” ಎಂದಳು. ಅವನಿಗೆ ಆ ಮಾತಿನ ಹಿಂದೆ ಏನಿದೆ ಎಂದು ತಿಳಿಯಲಿಲ್ಲ. ಅದು ಭಯವೋ, ಸಿದ್ಧತೆಯೋ ತನಗೂ ತಿಳಿದಿರಲಿಲ್ಲ ಎಂದು ಎಲೂಬಿ ಹೇಳುತ್ತಾಳೆ. ಮೀನನ್ನು ಇಬ್ಬರೂ ತಿನ್ನಲಿಲ್ಲ. ಪಕ್ಕದ ಮನೆಗೆ ಹೋಯಿತು.

ಆಮೇಲಿನ ದಿನಗಳಲ್ಲಿ ಊರು ಕುದಿಯುವ ಮಡಕೆಯ ಮೇಲಿನ ಮುಚ್ಚಳದ ಹಾಗಿತ್ತು. ಲಾಸ್ಟನ್ ಎಲ್ಲೆಂದರಲ್ಲಿ ಸಿಗುತ್ತಿದ್ದ: ಸೇತುವೆಯ ಮೇಲೆ, ಶಾಲೆಯ ಹಿಂದೆ, ಸಂತೆಯ ಆಚೆ ತುದಿಯಲ್ಲಿ. ಎಲ್ಲಿಗೆ ಎಂದರೆ, ಸುಮ್ಮನೆ ಎನ್ನುತ್ತಿದ್ದ. ಒಮ್ಮೆ ನಾವಿಬ್ಬರೂ ಜೊತೆಗಿದ್ದಾಗ ಲೈಟನ್ನನ ಲಾರಿ ಪಕ್ಕದಲ್ಲಿ ಬಂದು ನಿಂತಿತು. ಲೈಟನ್ ಕಿಟಕಿಯಿಂದ ತಲೆ ಹೊರಗೆ ಹಾಕಿದ.

“ನಮ್ಮನ್ನ ಕುಣಿಸಿಬಿಟ್ಯಲ್ಲೋ ಬಾಂಬೊ. ನಮ್ಮತ್ತೆ ಎಂಬತ್ತು ವರ್ಷದೋಳು, ಕುಣಿದು ಸೊಂಟ ಹಿಡ್ಕೊಂಡು ಮಲಗಿದ್ದಾಳೆ.”

“ತಪ್ಪಾಯ್ತು.”

“ತಪ್ಪಾಗಿದ್ದು ಇರ್ಲಿ. ಆ ಜಡ್ಜಮ್ಮ ಹೋದ್ರೆ, ನಮ್ಮ ಹುಡುಗರು ಕೇಳ್ತಾರೆ, ಇನ್ನು ಕೋರ್ಟಿಗೆ ಯಾಕೆ ಹೋಗ್ಬೇಕು ಅಂತ. ಈಗ್ಲೇ ಕೇಳ್ತಿದ್ದಾರೆ. ಹೋದ ಸಲದ ಕಣಜ ನಿನಗೆ ನೆನಪಿದೆ. ಅವರಿಗೆ ಏನ್ ಹೇಳ್ಲಿ ನಾನು? ನೀನು ಮಾತು ದಾಟಿಸೋನು, ನೀನೇ ಹೇಳಿಕೊಡು.”

ಲಾರಿ ಹೊರಟುಹೋಯಿತು. ಮೀನಿನ ವಾಸನೆ ದಾರಿಯ ಮೇಲೆ ಉಳಿಯಿತು.

“ಇಬ್ಬರೂ ನನ್ನ ಬಾಯಿ ಮೇಲೇ ಕಣ್ಣಿಟ್ಟಿದ್ದಾರೆ ಮೇಷ್ಟ್ರೇ,” ಎಂದ ಲಾಸ್ಟನ್. “ಅದರೊಳಗೆ ಇಷ್ಟು ವರ್ಷ ನಂದು ಅಂತ ಒಂದು ಮಾತೂ ಇರ್ಲಿಲ್ಲ.”

ಹಿರಿಯ ನ್ಯಾಯಮೂರ್ತಿಗಳು ಬಂದರು. ಅದೇ ಕೋರ್ಟು, ಅದೇ ಅತ್ತಿಮರ, ಮರಕ್ಕೆ ಅದೇ ಧ್ವನಿವರ್ಧಕ. ಕೆಳಗೆ ಬಲಗಡೆ ಚಿಪಂಗಾನ ಕಡೆಯವರು, ಎಡಗಡೆ ಲೈಟನ್ನನ ಕಡೆಯವರು; ನಡುವೆ ಪೊಲೀಸರು. ನನಗೆ ಒಳಗೆ ಗೋಡೆಯ ಬಳಿ ನಿಲ್ಲಲು ಜಾಗ ಸಿಕ್ಕಿತು. ಸ್ಟೋನಾರ್ಡ್ ಮುಂದಿನ ಸಾಲಿನಲ್ಲಿ ಕಾಲಮೇಲೆ ಕಾಲು ಹಾಕಿ ಕೂತಿದ್ದ. ಲಾಸ್ಟನ್ ಸಾಕ್ಷಿಕಟ್ಟೆ ಹತ್ತಿದ. ಅವನು ಸದಾ ನಿಲ್ಲುತ್ತಿದ್ದ ಜಾಗದಲ್ಲಿ ನಗರದಿಂದ ಬಂದ ಇನ್ನೊಬ್ಬ ದುಭಾಷಿ ಇದ್ದ. ಅಚ್ಚುಕಟ್ಟಾದ ಮನುಷ್ಯ, ಕುರ್ಚಿಯಲ್ಲಿ ಕೂತಿದ್ದ.

“ನಿಮಗೆ ಇಂಗ್ಲಿಷ್ ಬರುತ್ತದಲ್ಲ?” ಎಂದರು ಹಿರಿಯರಲ್ಲೊಬ್ಬರು.

“ಬರತ್ತೆ ಸ್ವಾಮಿ. ಆದ್ರೆ ತಪ್ಪಾಗಿದ್ದು ಚಿಚೆವಾದಲ್ಲಿ. ಚಿಚೆವಾದಲ್ಲೇ ಹೇಳ್ತೀನಿ.”

ಅವರು ತಲೆಯಾಡಿಸಿದರು. ನ್ಯಾಯಮೂರ್ತಿ ಚಿಸೆಕಾ ನಿಮ್ಮನ್ನು ತಮ್ಮ ಕೋಣೆಗೆ ಕರೆಸಿದ್ದರೇ ಎಂದು ಕೇಳಿದರು.

ಲಾಸ್ಟನ್ನನ ಕೈ ಕಟ್ಟೆಯ ಅಂಚನ್ನು ಹಿಡಿಯಿತು, ಬಿಟ್ಟಿತು, ಮತ್ತೆ ಹಿಡಿಯಿತು. ಹೊರಗೆ ಅತ್ತಿಮರದ ಕೆಳಗೆ ಒಂದು ಮಗು ಅಳುತ್ತಿದ್ದುದು ಧ್ವನಿವರ್ಧಕವನ್ನೂ ಮೀರಿ ಕೇಳಿಸುತ್ತಿತ್ತು. ಅವನು ಇಷ್ಟು ಹೊತ್ತು ತೆಗೆದುಕೊಂಡರೆ ಜನ ಏನಾದರೂ ಅರ್ಥಮಾಡಿಕೊಂಡುಬಿಡುತ್ತಾರೆ ಎಂದು ನಾನು ಕಿಟಕಿಯತ್ತ ನೋಡಿದೆ.

“ಇಲ್ಲ,” ಎಂದ. “ಅವರು ಕರೆಸಿರ್ಲಿಲ್ಲ. ಅವರು ಹೇಳಿದ್ದು, ಉತ್ತರ ಕೊಡ್ಬೇಕಾದ ಮಾತಿದೆ ಅಂತ. ತಪ್ಪಿತಸ್ಥ ಅಂತ ಅವರು ಹೇಳ್ಲಿಲ್ಲ. ಅವಸರದಲ್ಲಿ ಮ್ಲಾಂದು ಅಂದಿದ್ದು ನಾನು. ಆ ಪದ ನಂದು.”

ನಗರದ ದುಭಾಷಿ ಕೂತಲ್ಲಿಂದಲೇ ಇಂಗ್ಲಿಷಿನಲ್ಲಿ ಹೇಳಿದ: “ಆ ಪದ ತನ್ನದೆಂದು ಸಾಕ್ಷಿ ಹೇಳುತ್ತಾನೆ.”

ಲಾಸ್ಟನ್ ಅವನತ್ತ ತಿರುಗಿದ.

“ಹಾಗಲ್ಲಣ್ಣ. ‘ತನ್ನದು’ ಅನ್ಬೇಡಿ. ‘ನನ್ನದು’ ಅನ್ನಿ.”

“ನಾನು ಹೇಳಿದ್ದು ಅದೇ ಅರ್ಥ.”

“ಅರ್ಥ ಅದೇ. ಆದ್ರೆ ‘ಹೇಳ್ತಾನೆ’ ಅಂದ್ರೆ, ಇವನು ಯಾರೋ ಹೇಳ್ತಾನಪ್ಪ, ನಿಜವೋ ಸುಳ್ಳೋ ಅನ್ನೋ ಹಾಗಿರತ್ತೆ. ಜೀವಮಾನದಲ್ಲಿ ಮೊದಲ್ನೇ ಸಲ ನನ್ನ ಮಾತು ಹೇಳ್ತಿದ್ದೀನಿ. ದಯವಿಟ್ಟು.”

ಹೊರಗೆ ಯಾರೋ ನಕ್ಕರು. ಹಿರಿಯ ನ್ಯಾಯಮೂರ್ತಿಗಳು ದುಭಾಷಿಗೆ ಕೈಸನ್ನೆ ಮಾಡಿದರು. ಆ ಮನುಷ್ಯ ಕೋಟು ಸರಿಮಾಡಿಕೊಂಡು ಎದ್ದು ನಿಂತ. “ಆ ಪದ ನನ್ನದು,” ಎಂದ.

ಇನ್ನೊಬ್ಬ ಹಿರಿಯರು ಕೇಳಿದರು: “ಬೇರೆ ರೀತಿ ಸಾಕ್ಷಿ ಹೇಳುವಂತೆ ನಿಮ್ಮನ್ನು ಯಾರಾದರೂ ಒತ್ತಾಯಿಸಿದರೇ?”

ಸ್ಟೋನಾರ್ಡ್ ಮೇಲಿದ್ದ ಕಾಲನ್ನು ಕೆಳಗಿಳಿಸಿದ. ಲಾಸ್ಟನ್ ಮುಂದಿನ ಸಾಲನ್ನು ನೋಡಲಿಲ್ಲ.

“ಅದು ಮನೆ ಮಾತು ಸ್ವಾಮಿ. ಕೇಳೋರು ಮನೇಲಿ ಕೇಳಿದ್ರೆ ಹೇಳ್ತೀನಿ.”

ಅವರು ಅಷ್ಟಕ್ಕೆ ಬಿಟ್ಟರು. ಅವನು ಕೆಳಗಿಳಿದು, ಎಲ್ಲಿಗೆ ಹೋಗಬೇಕೆಂದು ತೋಚದೆ ನಿಂತ. ನಗರದ ದುಭಾಷಿ ತನ್ನ ಕುರ್ಚಿಯನ್ನೇ ಅವನತ್ತ ತಳ್ಳಿದ. ಲಾಸ್ಟನ್ ಕೂತ. ಮೊಣಕಾಲು ಮಾತ್ರ ಹೊಲಿಗೆ ಯಂತ್ರದ ಸೂಜಿಯಂತೆ ಆಡುತ್ತಲೇ ಇತ್ತು.

ಸಂಜೆ ಅವನು ಮನೆಗೆ ಹೋಗಲು ಹೆದರಿ ನನ್ನನ್ನೂ ಕರೆದುಕೊಂಡು ಹೋದ. ಸ್ಟೋನಾರ್ಡ್ ಮೊದಲೇ ಬಂದು ಅಂಗಳದಲ್ಲಿ ನಿಂತಿದ್ದ. ಚಾಪೆ ಸುತ್ತಿ ಗೋಡೆಗೆ ಒರಗಿಸಲಾಗಿತ್ತು, ಪಕ್ಕದಲ್ಲಿ ಗುದ್ದಲಿ. ಎಲೂಬಿ ಹೊಸ್ತಿಲ ಮೇಲೆ ಹಿಟ್ಟಿನ ಕೈಯಲ್ಲಿ ಕೂತಿದ್ದಳು.

“ಮೇಷ್ಟ್ರು ಸಾಕ್ಷಿಗೆ ಬಂದಿದ್ದು ಒಳ್ಳೇದಾಯ್ತು,” ಎಂದ ಸ್ಟೋನಾರ್ಡ್. ನಗುತ್ತಿರಲಿಲ್ಲ. “ಮನೆಯಳಿಯ ಅಂದ್ರೆ ಮನೆ ಮಾನ ಕಾಯ್ಬೇಕು. ಇವನು ಊರೆದುರಿಗೆ ನಮ್ಮ ಮುಖಕ್ಕೆ ಮಸಿ ಬಳಿದ. ಎಲೂಬಿ, ನಿನ್ನ ಗಂಡನಿಗೆ ಮ್ಲಾಂದು ಇದೆ.”

ಎಲೂಬಿ ಕೈಗಳನ್ನು ಒಂದಕ್ಕೊಂದು ಉಜ್ಜಿ ಹಿಟ್ಟು ಉದುರಿಸಿದಳು.

“ಯಾವ ಮ್ಲಾಂದು ಅಣ್ಣ?”

“ಯಾವ್ದು ಅಂದ್ರೆ?”

“ತಪ್ಪು ಅಂತೀಯೋ, ದೂರು ಅಂತೀಯೋ? ದೂರು ಅಂತಾದ್ರೆ, ವಿಚಾರಣೆ ಆಗ್ಲಿ. ಮನೆಯೋರೆಲ್ಲ ಕೂರಲಿ. ಚಿಕ್ಕಮ್ಮ ಬರಲಿ, ಅಕ್ಕ ಬರಲಿ. ಇವರು ಏನ್ ಮಾಡಿದ್ರು ಅಂತ ನೀನು ಹೇಳು. ಮೀನು ತಂದ ದಿನ ನೀನು ಏನ್ ಕೇಳ್ದೆ ಅಂತ ಇವರು ಹೇಳ್ತಾರೆ. ನಾನೂ ಅಲ್ಲೇ ಇದ್ನಲ್ಲ, ನಾನೂ ಹೇಳ್ತೀನಿ. ಆಮೇಲೆ ತಪ್ಪು ಅಂತಾದ್ರೆ, ಈ ಚಾಪೆ ನಾನೇ ಹೊತ್ಕೊಂಡು ಬಸ್ಸಿನ ತನಕ ಬಿಟ್ಟುಬರ್ತೀನಿ.”

“ಅಣ್ಣನ ಮೇಲೆ ವಿಚಾರಣೆ ಮಾಡ್ತೀಯಾ ನೀನು?”

“ನಿನ್ನ ಮೇಲೆ ಯಾರು ಅಂದ್ರು? ಇವರ ಮೇಲೆ. ಮ್ಲಾಂದು ಇರೋದು ಇವರಿಗೆ ಅಂತ ಈಗ ತಾನೇ ಅಂದೆ.”

ಸ್ಟೋನಾರ್ಡ್ ನನ್ನ ಕಡೆ ನೋಡಿದ. ನಾನು ಗುದ್ದಲಿಯನ್ನು ನೋಡಿದೆ. ಕೊನೆಗೆ ಅವನು, “ಕರೆಸ್ತೀನಿ, ಎಲ್ಲರನ್ನೂ ಕರೆಸ್ತೀನಿ,” ಎಂದು ದೊಡ್ಡ ಹೆಜ್ಜೆ ಹಾಕುತ್ತಾ ಹೊರಟುಹೋದ. ಎಲೂಬಿ ಚಾಪೆಯನ್ನು ಒಳಗೆ ತೆಗೆದುಕೊಂಡು ಹೋದಳು. ಬಿಡಿಸಿ ಹಾಸಲಿಲ್ಲ, ಸುತ್ತಿದ ಹಾಗೆಯೇ ಮೂಲೆಯಲ್ಲಿ ನಿಲ್ಲಿಸಿದಳು.

ನ್ಯಾಯಮೂರ್ತಿ ಚಿಸೆಕಾ ಪೀಠದಲ್ಲಿ ಉಳಿದರು. ವಿಚಾರಣೆ ನಡೆಯಿತು. ಎಣಿಕೆ ಸರಿಯಿಲ್ಲವೆಂದು ಕಂಡು, ಮತ್ತೊಮ್ಮೆ ಚುನಾವಣೆ ನಡೆಸಿ ಎಂದರು. ನಡೆಸಿದಾಗ ಗೆದ್ದದ್ದು ಚಿಪಂಗಾನೇ. ಸ್ವಲ್ಪ ಮತಗಳಿಂದ, ಆದರೆ ಸರಿಯಾಗಿ ಎಣಿಸಿದ ಮತಗಳಿಂದ. ಲೈಟನ್ ಒಂದು ವಾರ ಮುಖ ಊದಿಸಿಕೊಂಡಿದ್ದು, ಮತ್ತೆ ಮೀನಿನ ಲಾರಿ ಹತ್ತಿದ. ಆ ವರ್ಷ ಯಾರ ಕಣಜವೂ ಉರಿಯಲಿಲ್ಲ.

ಲಾಸ್ಟನ್ ನಿವೃತ್ತನಾಗುವವರೆಗೆ ಅದೇ ಕೋರ್ಟಿನಲ್ಲಿ ನಿಂತ. ಆ ಇಂಗ್ಲಿಷ್ ಮಾತು ಬಂದಾಗಲೆಲ್ಲ ಒಂದು ಉಸಿರು ತೆಗೆದುಕೊಂಡು, ‘ಇವನು ಉತ್ತರ ಕೊಡಬೇಕಾದ ಮಾತಿದೆ, ತಪ್ಪೋ ಅಲ್ಲವೋ ಇನ್ನೂ ಗೊತ್ತಿಲ್ಲ’ ಎಂದು ಉದ್ದಕ್ಕೆ ಹೇಳುತ್ತಿದ್ದ. ಸಂತೆಯಲ್ಲಿ ಅವನಿಗೆ ‘ಬಾಂಬೊ ಇನ್ನೂ-ಗೊತ್ತಿಲ್ಲ’ ಎಂದೇ ಹೆಸರು ಬಿತ್ತು. ಟೊಮೆಟೊದವಳು ತಕ್ಕಡಿ ಎತ್ತಿ, “ಇದು ಹಣ್ಣೋ ಕಾಯೋ ಬಾಂಬೊ?” ಎನ್ನುವಳು, ಅವನು ಏನು ಹೇಳುತ್ತಾನೆಂದು ಎಲ್ಲರಿಗೂ ಗೊತ್ತು.

ಸ್ಟೋನಾರ್ಡ್ ಮನೆಯವರನ್ನು ಇಂದಿಗೂ ಕರೆಸಿಲ್ಲ. ಕರೆಸಿದರೆ ಆ ಮಧ್ಯಾಹ್ನ ತಾನು ಆಡಿದ್ದನ್ನು ಚಿಕ್ಕಮ್ಮನ ಎದುರು ಮತ್ತೆ ಆಡಬೇಕಾಗುತ್ತದೆ. ಕೈಬಿಟ್ಟೆ ಎಂದೂ ಹೇಳಿಲ್ಲ. ಹಬ್ಬಕ್ಕೆ ಬಂದಾಗ, “ಅಲಾಮು, ನಿನ್ನದೊಂದು ಬಾಕಿ ಇದೆ, ಮರೀಬೇಡ,” ಎಂದು ಹೋಗುತ್ತಾನೆ. ಅವನ ಹೆಜ್ಜೆಯ ಸದ್ದು ದಾರಿಯಲ್ಲಿ ಕೇಳಿಸಿದರೆ ಲಾಸ್ಟನ್ ಊಟದ ನಡುವೆಯೂ ಎದ್ದು ನಿಲ್ಲುತ್ತಾನೆ.

“ಕೂತ್ಕೊಳ್ರೀ,” ಎನ್ನುತ್ತಾಳೆ ಎಲೂಬಿ. “ವಿಚಾರಣೆ ಇವತ್ತಲ್ಲ.”

“ಇವತ್ತಲ್ಲ ಅಂತ ಯಾರು ಹೇಳಿದ್ರು?”

“ನಾನು,” ಎನ್ನುತ್ತಾಳೆ ಅವಳು, ಅವನ ತಟ್ಟೆಗೆ ಇನ್ನಷ್ಟು ನ್ಸಿಮಾ ಬಡಿಸುತ್ತಾ.

ಅವನು ಕೂರುತ್ತಾನೆ. ಚಾಪೆ ಆ ಮೂಲೆಯಲ್ಲಿಯೇ ಇದೆ.